ಫೋನ್ ಮಾಡಿದ ಅಕ್ಕೋರು

ನಮ್ಮೂರ ಅಂಗನವಾಡಿ ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ನಮ್ಮ ಮನೆಯ ಕೀಲಿಯನ್ನು ಕಲ್ಲಿನಿಂದ ಜಜ್ಜಿ ಒಡೆದ ದಿನದ ಗುರುತು ಅದು.

ಆಗ ನನಗೆ ಎಂಟು ವರ್ಷ, ತಮ್ಮನಿಗೆ ಮೂರು. ಅಪ್ಪ ತೀರಿಕೊಂಡ ಮೇಲೆ ಅವ್ವ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗೆ ಹೋಗುತ್ತಿದ್ದಳು. ನನ್ನ ಶಾಲೆ ಬಿಡಿಸಿ, ತಮ್ಮನನ್ನು ನನ್ನ ಕೈಗೆ ಒಪ್ಪಿಸಿ, ಹೊರಗಿನಿಂದ ಕೀಲಿ ಹಾಕುತ್ತಿದ್ದಳು. ಹೀಗೆ ನಾಲ್ಕು ದಿನ ತಮ್ಮ ಅಂಗನವಾಡಿಗೆ ಬಾರದ್ದಕ್ಕೆ ಅಕ್ಕೋರು ಹುಡುಕಿಕೊಂಡು ಬಂದರು. ಕಿಟಕಿಯಲ್ಲಿ ನಾನು ಅಳುತ್ತ ನಿಂತಿದ್ದೆ. ಒಳಗೆ ತಮ್ಮ ಜ್ವರಕ್ಕೆ ಕಣ್ಣು ಮೇಲುಮಾಡಿ ಬಿದ್ದಿದ್ದ. ಅವನನ್ನು ಎತ್ತಿಕೊಂಡು ದವಾಖಾನೆಗೆ ಓಡಿದವರು ಅಲ್ಲಿಂದಲೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು.

ಜ್ವರ ಇಳಿದ ಮೇಲೆ ನಮ್ಮನ್ನು ಬಾಗಲಕೋಟೆಗೆ ಕರೆದೊಯ್ದರು. ತಮ್ಮ ಸಣ್ಣ ಮಕ್ಕಳ ಕೇಂದ್ರಕ್ಕೆ, ನಾನು ಬಾಲಕಿಯರ ಮಂದಿರಕ್ಕೆ.

ಅವ್ವ ಅಂಗನವಾಡಿಯ ಬಾಗಿಲಲ್ಲಿ ನಿಂತು ಚೀರಿದಳಂತೆ: “ನನ್ನ ಮಕ್ಕಳನ್ನ ಸರಕಾರಕ್ಕ ಹಿಡಕೊಟ್ಟಾರ ಯಾರು?”

“ಫೋನ್ ಮಾಡಿದಾಕಿ ನಾನ,” ಅಂದರಂತೆ ಅಕ್ಕೋರು. “ಬೈಯೂದೆಲ್ಲ ಬೈದು ಮುಗಸು. ನಾಳೆ ಇಬ್ಬರೂ ಬಾಗಲಕೋಟಿಗೆ ಹೋಗೂಣು.”

ಅಂದಿನಿಂದ ಅವರಿಗೆ ಕೂತಲ್ಲಿ ಕೂಡ್ರಲಾಗಲಿಲ್ಲ. ರಜೆ ಹಾಕಿ ಪ್ರತಿ ವಿಚಾರಣೆಗೂ ಬಂದರು. ಬಸ್ಸಿನಲ್ಲಿ ಅವ್ವ ಅವರ ಪಕ್ಕ ಕೂಡುತ್ತಿರಲಿಲ್ಲವಂತೆ. ಒಮ್ಮೆ ನನ್ನೆದುರೇ ಮಕ್ಕಳ ಕಲ್ಯಾಣ ಸಮಿತಿಯವರು, ತಾಯಿ ದುಡಿಯಲು ಹೋದರೆ ಮಕ್ಕಳನ್ನು ನೋಡುವವರು ಯಾರೆಂದು ಕೇಳಿದರು. ಅವ್ವ ತಲೆ ತಗ್ಗಿಸಿದಳು. ಅಕ್ಕೋರು ಎದ್ದು ನಿಂತರು.

“ಬಡತನ ಒಂದ ಕಾರಣಕ್ಕ ತಾಯಿ ಮಕ್ಕಳನ್ನ ಅಗಲಸಬಾರದಂತ ಕಾಯ್ದೆದಾಗ ಐತಲ್ರಿ? ಆಕಿ ಬರೂತನಕ ಇಬ್ಬರೂ ನನ್ನ ಮನ್ಯಾಗ ಇರ್ತಾರ. ಬರದು ಸಹಿ ಮಾಡಿ ಕೊಡ್ತೇನಿ.”

ಐದು ತಿಂಗಳಿಗೆ ನಾವು ಮನೆಗೆ ಬಂದೆವು. ತಮ್ಮ ಎಷ್ಟೋ ದಿನ ಅವ್ವನನ್ನು ‘ಮೇಡಂ’ ಎಂದೇ ಕರೆದ. ಅದು ಕಿವಿಗೆ ಬಿದ್ದಾಗಲೆಲ್ಲ ಅಕ್ಕೋರು ಎದ್ದು ಹೊರಗೆ ಹೋಗುತ್ತಿದ್ದರು. ನಾನು ಹತ್ತನೇ ತರಗತಿ ಮುಗಿಸುವವರೆಗೆ ಸಂಜೆಗಳೆಲ್ಲ ಅವರ ಮನೆಯಲ್ಲೇ ಕಳೆದವು. ಅವ್ವ ಮಾತ್ರ ಅವರೊಂದಿಗೆ ಬೇಕಾದಷ್ಟೇ ಮಾತಾಡಿದಳು.

ಕಳೆದ ವರ್ಷ ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ ಕೇಳಿದರು: “ಅವತ್ತ ಫೋನ್ ಮಾಡಿದ್ದು ತಪ್ಪಾತೇನ?”

“ಇಲ್ಲಂದ್ರ ತಮ್ಮ ಉಳೀತಿರಲಿಲ್ರಿ.”

“ಅವನ್ನ ಉಳಿಸಿದ್ದು ದವಾಖಾನಿ. ನಾ ಕೇಳಾಕತ್ತಿದ್ದು ಫೋನಿಂದು.”

ಮನೆಗೆ ಬಂದು ಅವರು ಕೇಳಿದ್ದನ್ನು ಅವ್ವನಿಗೆ ಹೇಳಿದೆ. ಅವಳು ಅಕ್ಕೋರ ಮನೆಗೆ ಹೊರಟಳು. ಹಾಸಿಗೆಯ ಪಕ್ಕ ಕೂತು ಮೋಸಂಬಿ ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆ ಅವರ ಬಾಯಿಗಿಟ್ಟಳು.

ವಾರದೊಳಗೆ ಅಕ್ಕೋರು ಹೋದರು. ಅವರಿಗೆ ಮಕ್ಕಳಿರಲಿಲ್ಲ. ಬಾಯಿಗೆ ಕೊನೆಯ ನೀರು ಹಾಕಲು ಮುಂದೆ ನಿಂತ ಅವ್ವನನ್ನು ಯಾರೋ, “ಇವರು ನಿಮಗೇನಾಗಬೇಕ್ರಿ?” ಎಂದು ಕೇಳಿದರು.

“ನನ್ನ ಮಕ್ಕಳನ್ನ ಕಸಗೊಂಡಾಕಿನೂ ಇಕಿನ,” ಅಂದಳು ಅವ್ವ, “ತಂದು ಕೊಟ್ಟಾಕಿನೂ ಇಕಿನ.”