ಹುತ್ತಕ್ಕೆ ಹಾಲೆರೆದವರು ಯಾರು?

ಸಲಿಕೆ ಹೆಗಲಿಗಿಟ್ಟುಕೊಂಡು ಬಂದ ಆಳು ಐದೇ ನಿಮಿಷದಲ್ಲಿ ಸಲಿಕೆ ಹೆಗಲಿಗಿಟ್ಟುಕೊಂಡೇ ವಾಪಸು ಹೊರಟ. ಹಿತ್ತಿಲಲ್ಲಿ ಒಂದು ಹೆಂಟೆ ಮಣ್ಣೂ ಅಲುಗಿರಲಿಲ್ಲ.

"ಯಾಕಪಾ, ಏನಾತು?" ಅಂದೆ.

"ಪೂಜಿ ಆಗೇದರಿ ಅಕ್ಕಾರ. ಪೂಜಿ ಆದ ಹುತ್ತಕ್ಕ ನಾ ಸಲಿಕಿ ಹಚ್ಚಂಗಿಲ್ಲ. ನಮಗೂ ಮಕ್ಕಳು ಮರಿ ಅದಾವರಿ" ಅಂದ. ಕೊಟ್ಟ ಚಹಾವನ್ನೂ ಕುಡಿಯದೆ ಹೋದ.

ಹೋಗಿ ನೋಡಿದೆ. ಹುತ್ತದ ನೆತ್ತಿಯ ಮೇಲೆ ರೂಪಾಯಿ ಅಗಲದ ಅರಿಶಿನ, ನಡುವೆ ಒಂದು ಬೊಟ್ಟು ಕುಂಕುಮ. ಒಳಗೆ ಬಂದು ಸುದ್ದಿ ಹೇಳಿದೆ. ಅತ್ತೆ ನನ್ನ ಮುಖ ನೋಡಿದರು. ನಮ್ಮ ಮನೆಯವರು ಅತ್ತೆಯ ಮುಖ ನೋಡಿದರು. ನಾನು ಇಬ್ಬರ ಮುಖವನ್ನೂ ನೋಡಿದೆ. ನಮ್ಮ ಮನೆಯಲ್ಲಿ ಸಂಶಯ ಎಂಬುದು ಶುರುವಾದದ್ದು ಅವತ್ತೇ.

ಇಳಕಲ್ಲಿನ ನಮ್ಮ ಮನೆಯ ಹಿತ್ತಿಲು ದೊಡ್ಡದೇನಲ್ಲ. ಸುತ್ತ ಕೆಂಪು ಗ್ರಾನೈಟ್ ತುಂಡುಗಳ ಗೋಡೆ. ಒಳಗೆ ಒಂದು ಪೇರಲ, ಒಂದು ನುಗ್ಗೆ, ಮಲ್ಲಿಗೆ ಬಳ್ಳಿ, ಕರಿಬೇವು, ಮೂಲೆಯಲ್ಲಿ ಅತ್ತೆಯ ಪತ್ರಿ ಗಿಡ. ಅತ್ತೆ ದಿನಾ ಸ್ನಾನ ಮಾಡಿ, ಆ ಗಿಡಕ್ಕೆ ಒಂದು ಗಿಂಡಿ ನೀರು ಹಾಕಿ, ನಾಲ್ಕು ಎಲೆ ಹರಿದುಕೊಂಡು ಬಂದು ಲಿಂಗಪೂಜೆಗೆ ಕೂರುತ್ತಾರೆ. ಅದಾಗದೆ ಬಾಯಿಗೆ ನೀರೂ ಹಾಕುವುದಿಲ್ಲ. ಪತ್ರಿ ಗಿಡದಿಂದ ನಾಲ್ಕು ಹೆಜ್ಜೆ ಆಚೆಗೆ, ಎರಡು ವರ್ಷದಲ್ಲಿ ಮೊಳಕಾಲೆತ್ತರ ಬೆಳೆದು ನಿಂತದ್ದು ಈ ಹುತ್ತ.

ಬೆಳೆದರೆ ಬೆಳೆಯಲಿ ಅಂತ ಬಿಟ್ಟಿದ್ದೆವು. ಈಗ ಬಿಡುವಂತಿರಲಿಲ್ಲ. ಬಾಗಲಕೋಟೆಗೆ ಕೊಟ್ಟ ಮಗಳು ಪೂರ್ಣಿಮಾಗೆ ಏಳು ತಿಂಗಳು. ಸೀಮಂತದ ಕುಬಸ ಮುಗಿಸಿಕೊಂಡು, ಶ್ರಾವಣ ಕಳೆಯುವುದರೊಳಗೆ ಬಾಣಂತನಕ್ಕೆ ಬರುವವಳಿದ್ದಳು. ಇದು ಮೂರನೆಯ ಸಲ. ಮೊದಲಿನ ಎರಡೂ ನಿಲ್ಲಲಿಲ್ಲ. ಆ ಎರಡು ಸಲ ನಾವು ದವಾಖಾನೆಯಿಂದ ಬರಿಗೈಯಲ್ಲಿ ಬಂದದ್ದನ್ನು ಬರೆಯುವ ಶಕ್ತಿ ನನಗಿಲ್ಲ. ದಿನಾ ಬೆಳಿಗ್ಗೆ ಸಂಜೆ ಸ್ವಲ್ಪ ಓಡಾಡಲಿ ಅಂತ ಡಾಕ್ಟರ್ ಹೇಳಿದ್ದಾರೆ. ಅವಳೋ ಚಿಕ್ಕಂದಿನಿಂದ ಈ ಹಿತ್ತಿಲಲ್ಲಿ ಬರಿಗಾಲಲ್ಲಿ ತಿರುಗಿದವಳು. ಅವಳು ತಿರುಗುವ ಜಾಗದಲ್ಲಿ ಹುತ್ತ ಇರಬಹುದೇ? ಹುತ್ತ ಇದ್ದಲ್ಲಿ ಹಾವು ಇರುವುದಿಲ್ಲ ಅಂತ ಯಾರಾದರೂ ಬರೆದುಕೊಡುತ್ತಾರೆಯೇ?

ಮನೆಯಲ್ಲಿ ಮೂವರೂ ಒಪ್ಪಿದ್ದೆವು, ಕೆಡವಿಸಬೇಕು ಅಂತ. ಒಪ್ಪದೇ ಇರಲು ಕಾರಣವೂ ಇರಲಿಲ್ಲ. ನಮ್ಮದು ಹುತ್ತಕ್ಕೆ ಕೈಮುಗಿಯುವ ಮನೆಯಲ್ಲ. ಪಂಚಮಿಯಲ್ಲಿ ನಾವು ಉಂಡಿ ಕಟ್ಟುತ್ತೇವೆ, ಜೋಕಾಲಿ ಆಡುತ್ತೇವೆ, ಹಾಲನ್ನು ಓಣಿಯ ಮಕ್ಕಳಿಗೆ ಕುಡಿಸುತ್ತೇವೆ. "ಅಂಗೈಯಾಗ ಲಿಂಗ ಇಟಗೊಂಡು ಮಣ್ಣಿಗ್ಯಾಕ ಹಾಲು ಹಾಕಬೇಕವಾ?" ಅನ್ನುವುದು ಅತ್ತೆಯ ಎಂಬತ್ತು ವರ್ಷದ ಮಾತು. ಇನ್ನು ನಮ್ಮ ಮನೆಯವರು ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾಗಿ ನಿವೃತ್ತರಾದವರು. ಹುತ್ತ ಅಂದ ಕೂಡಲೇ ಗೆದ್ದಲಿನ ಜೀವನಚಕ್ರ ಶುರು ಮಾಡುತ್ತಾರೆ. (ನಿವೃತ್ತರಾದದ್ದು ಶಾಲೆಯಿಂದ ಮಾತ್ರ, ಕ್ಲಾಸಿನಿಂದಲ್ಲ.)

ಇಂಥ ಮನೆಯ ಹುತ್ತಕ್ಕೆ, ಆಳು ವಾಪಸು ಹೋದ ಮುಂದಿನ ಸೋಮವಾರ, ಹಾಲು ಬಿತ್ತು.

ಬೆಳಿಗ್ಗೆ ಕರಿಬೇವಿಗೆ ಹೋದವಳಿಗೆ ಹುತ್ತದ ಮೈಮೇಲೆ ಬಿಳಿಯ ಗೆರೆ ಕಂಡಿತು. ಇರುವೆ ಸಾಲು ಹಿಡಿದಿದ್ದವು. ಬೆರಳಿಗೆ ಹಚ್ಚಿ ಮೂಸಿ ನೋಡಿದೆ. ಹಾಲೇ. ಅದೂ ನಮ್ಮ ಮನೆಯ ಕಾಯಿಸಿದ ಹಾಲು, ತಳ ಹಿಡಿದ ವಾಸನೆ ನನಗೆ ಗೊತ್ತಾಗದೆ ಇರುತ್ತದೆಯೇ? ಹಿಂದಿನ ದಿನ ಹಾಲಿನ ತಳ ಹಿಡಿಸಿದವಳು ನಾನೇ.

ನನಗೆ ಮನೆಯಲ್ಲಿ ಸಿಐಡಿ ಅಂತ ಅಡ್ಡಹೆಸರಿದೆ. ಡಬ್ಬಿಯಲ್ಲಿ ಎರಡು ಉಂಡಿ ಕಡಿಮೆಯಾದರೂ ಯಾರ ಮೀಸೆಗೆ ಬೆಲ್ಲ ಅಂಟಿದೆ ಅಂತ ನೋಡುವವಳು ನಾನು. ಆದರೆ ಈ ಸಲ ನನಗಿದ್ದದ್ದು ಬರೀ ಕುತೂಹಲವಲ್ಲ, ಸಿಟ್ಟು. ಯಾರೋ ಬೇಕಂತಲೇ ನನ್ನ ಕೆಲಸಕ್ಕೆ ಅಡ್ಡ ಬರುತ್ತಿದ್ದಾರೆ. ಹುತ್ತಕ್ಕೆ ಹಾಲು ಬಿದ್ದಷ್ಟೂ ಅದು ದೇವರಾಗುತ್ತದೆ. ದೇವರಾದಷ್ಟೂ ಸಲಿಕೆ ಹಿಡಿಯುವವರು ಸಿಗುವುದಿಲ್ಲ. ಮಗಳು ಬರುವ ದಿನ ಮಾತ್ರ ಯಾರಿಗೂ ಕಾಯುವುದಿಲ್ಲ.

ಹಿತ್ತಿಲ ಬಾಗಿಲು ಓಣಿಗೆ ತೆರೆಯುತ್ತದೆ. ಯಾರಾದರೂ ಬಂದಿರಬಹುದು ಅಂತ ಬೀಗ ಜಡಿದೆ. ಪಕ್ಕದ ಮನೆಯ ದಸ್ತಗೀರ್‌ಸಾಬರನ್ನೂ ಗೋಡೆಯ ಮೇಲಿಂದಲೇ ವಿಚಾರಿಸಿದೆ. ಅವರು ಸೀರೆ ನೇಯುವವರು. ಓಣಿಯಲ್ಲಿ ಎಲ್ಲಿ ಹಾವು ಬಂದರೂ ಮಗ್ಗ ನಿಲ್ಲಿಸಿ ಹೋಗಿ ಹಿಡಿಯುವವರೂ ಅವರೇ. "ಹಾಲ್ರೀ? ನಮ್ಮನ್ಯಾಗ ಚಾಕ್ಕ ಸಾಲೂದಿಲ್ಲ ಅಕ್ಕಾರ" ಅಂದು ನಕ್ಕರು.

ಬೀಗ ಹಾಕಿದ ಮೇಲಿನ ಸೋಮವಾರವೂ ಹಾಲು ಬಿತ್ತು. ಅಂದರೆ ಕಳ್ಳ ಒಳಗೇ ಇದ್ದಾನೆ. ಅಥವಾ ಇದ್ದಾಳೆ.

ಊಟಕ್ಕೆ ಬಡಿಸುವಾಗ ಸುಮ್ಮನೆ ಗಾಳ ಹಾಕಿದೆ. "ಹುತ್ತಕ್ಕ ಯಾರೋ ಹಾಲು ಹಾಕಾಕತ್ತಾರ."

"ಹಾವು ಹಾಲು ಕುಡಿಯೂದಿಲ್ಲ ಶಶಿ. ಅದಕ್ಕ ಅದು ಪಚನ ಆಗೂದಿಲ್ಲ" ಅಂದರು ಮನೆಯವರು. ಪ್ರಶ್ನೆಗೆ ಉತ್ತರ ಗೊತ್ತಿಲ್ಲದಾಗ ಅವರು ಪಾಠ ಮಾಡುವುದು ಹಳೆಯ ರೂಢಿ. ಗೊತ್ತಿದ್ದಾಗಲೂ ಮಾಡುತ್ತಾರೆ.

"ಇನ್ನೊಂದು ರೊಟ್ಟಿ ಹಾಕವಾ" ಅಂದರು ಅತ್ತೆ. ಸೋಮವಾರ ಅತ್ತೆ ಒಂದೇ ರೊಟ್ಟಿ ತಿನ್ನುವುದು. ನನಗೆ ಅನುಮಾನ ಬಂತು. ಆದರೆ ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ಕಣ್ಣಿಟ್ಟು ನೋಡಿದ್ದೆನಲ್ಲ? ಹುತ್ತ ಪೇರಲದ ಮರೆಯಲ್ಲಿದ್ದರೂ, ಹಿತ್ತಿಲಿಗಿಳಿದ ಅತ್ತೆಯ ಕೈಯಲ್ಲಿ ಇದ್ದದ್ದು ಪತ್ರಿ ಗಿಡದ ನೀರಿನ ಗಿಂಡಿ ಅಷ್ಟೇ.

ಗುರುವಾರ ಇನ್ನೊಂದು ಸೋಜಿಗ. ಹುತ್ತದ ಬುಡದಲ್ಲಿ ಪೇರಲ ಎಲೆಗಳ ಮೇಲೆ ಒಂದು ಹಿಡಿ ಅಳ್ಳು. ಪಂಚಮಿಗೆ ಅಂಗಡಿಯಲ್ಲಿ ಸಿಗುತ್ತದಲ್ಲ, ಅದೇ, ಜೋಳ ಹುರಿದು ಅರಳಿಸಿದ ಅಳ್ಳು. ನಮ್ಮ ಡಬ್ಬಿಯಲ್ಲಿದ್ದ ಅಳ್ಳು ಹಾಗೇ ಇತ್ತು. ಎಲ್ಲಿಂದಲೋ ಬೇರೆ ತಂದಿದ್ದಾರೆ. ಮರುದಿನ ನೋಡಿದರೆ ಎಲೆ ಖಾಲಿ. ಶನಿವಾರ ಮತ್ತೊಂದು ಹಿಡಿ. ಅದೂ ಖಾಲಿ.

ಅಷ್ಟರಲ್ಲಿ ಹಿತ್ತಿಲ ಸ್ವಭಾವವೇ ಬದಲಾಗಿತ್ತು. ಪೇರಲ ಗಿಡದ ಅಳಿಲುಗಳು ಕೆಳಗಿಳಿಯುವುದನ್ನು ಬಿಟ್ಟವು. ಎಂದೂ ಬಾರದ ಮುಂಗುಸಿಯೊಂದು ಗೋಡೆಯ ಮೇಲೆ ಕೂತು ಕೆಳಗೆ ನೋಡುತ್ತಿತ್ತು. ಪಿಕಳಾರ ಹಕ್ಕಿಗಳಂತೂ ಮಲ್ಲಿಗೆ ಬಳ್ಳಿಯ ಸುತ್ತ ಕಿರಿಚಿದ್ದೇ ಕಿರಿಚಿದ್ದು. "ಜೀವವೈವಿಧ್ಯ ಹೆಚ್ಚಾಗೇದ ನೋಡು" ಅಂತ ಮನೆಯವರು ಖುಷಿಪಟ್ಟರು. ನನಗೆ ಹಕ್ಕಿಗಳ ಮೇಲೂ ಸಂಶಯ. ಕಾರಣವಿಲ್ಲದೆ ಯಾರು ಅಷ್ಟು ಕಿರಿಚುತ್ತಾರೆ?

ಮಗಳು ಬರಲು ನಾಲ್ಕು ದಿನ ಇರುವಾಗ ಮಲ್ಲಿಗೆ ಬಳ್ಳಿಯ ಬುಡದಲ್ಲಿ ಪೊರೆ ಸಿಕ್ಕಿತು. ಹಸಿ ಪೊರೆ, ಮಾರುದ್ದ. ಅದೇ ಜಾಗದಲ್ಲಿ ನಿಂತು ಪೂರ್ಣಿಮಾ ಮೊಗ್ಗು ಬಿಡಿಸುತ್ತಾಳೆ.

ದಸ್ತಗೀರ್‌ಸಾಬರು ಕೊಕ್ಕೆ ಕೋಲು, ಪ್ಲಾಸ್ಟಿಕ್ ಭರಣಿ ಹಿಡಿದು ಬಂದರು. ಬಂದವರೇ ಹುತ್ತದ ಒಂದು ಮೂಲೆ ಕೆರೆದು ನೋಡಿದರು. ಗೆದ್ದಲು ಬುಳುಬುಳು ಹೊರಬಂದವು.

"ಇದರಾಗ ಹಾವಿಲ್ರಿ. ಗೆದ್ದಲಾ ಇನ್ನೂ ಸಂಸಾರ ಮಾಡಾಕತ್ತಾವ. ಹಾವು ಖಾಲಿ ಮನಿ ಹುಡಕ್ತದ, ತುಂಬಿದ ಮನಿಗೆ ಬರಂಗಿಲ್ಲ" ಅಂದರು. ಆಮೇಲೆ ಹುತ್ತದ ಬುಡದಿಂದ ಗೋಡೆಯವರೆಗೆ ಬಗ್ಗಿ ನೋಡುತ್ತ ಹೋದರು. ಗ್ರಾನೈಟ್ ತುಂಡುಗಳನ್ನು ಪೇರಿಸಿಟ್ಟಲ್ಲಿ ನಿಂತರು. ಅಲ್ಲಿ ಹೊಸ ಬಿಲಗಳು, ಇಲಿಯ ಹಿಕ್ಕೆ, ಚೆಲ್ಲಿದ ಅಳ್ಳು.

"ಬಿಸ್ಮಿಲ್ಲಾ" ಅಂದು ಮೂರನೆಯ ಕಲ್ಲು ಎತ್ತಿದರು. ನಾಗರಹಾವು ಅಲ್ಲಿತ್ತು.

ಹೆಡೆ ಎತ್ತಿದ್ದು ಕಂಡಿತು, ಕೊಕ್ಕೆ ಆಡಿದ್ದು ಕಂಡಿತು, ಉಳಿದದ್ದು ನನಗೆ ಕಾಣಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ತೆಗೆದಾಗ ಅದು ಭರಣಿಯಲ್ಲಿತ್ತು.

"ಅಕ್ಕಾರ, ಮೊದಲ ನಿಮ್ಮ ಹಿತ್ತಲದಾಗ ಹಾವ ಇದ್ದಿದ್ದಿಲ್ಲ" ಅಂದರು ಸಾಬರು, ಮುಚ್ಚಳ ಬಿಗಿ ಮಾಡುತ್ತ. "ಯಾರೋ ಅಳ್ಳು ಇಟ್ಟಾರ. ಅಳ್ಳಿಗೆ ಇಲಿ ಬಂದಾವ. ಇಲಿಗೆ ಇದು ಬಂದೇತಿ. ಒಟ್ಟ ನಿಮ್ಮ ನೈವೇದ್ಯ ಅದಕ್ಕ ಮುಟ್ಟೇದ ಬಿಡ್ರಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಲ್ಲದ ಹಾವಿಗೆ ಎಡೆ ಇಟ್ಟು, ಇರುವ ಹಾವನ್ನು ಮನೆಗೆ ಕರೆದಿದ್ದೆವು. ಸಾಬರು ಅದನ್ನು ಊರಾಚೆ ಗುಡ್ಡಕ್ಕೆ ಬಿಟ್ಟು ಬರಲು ಹೋದರು. ನಾನು ಪಡಸಾಲೆಗೆ ಬಂದು ಬಾಗಿಲಲ್ಲಿ ಅಡ್ಡ ಕೂತೆ.

"ಈಗ ಹೇಳ್ರಿ. ಯಾರು?"

ಅತ್ತೆ ಅಂದರು, "ಹಾಲು ನಾ ಹಾಕೀನವಾ."

ಗಿಂಡಿಯಲ್ಲಿ. ಪತ್ರಿ ಗಿಡದ ನೀರಿನ ಗಿಂಡಿಯಲ್ಲಿ. ಸೋಮವಾರ ಮಾತ್ರ ಅದರಲ್ಲಿ ನೀರಿನ ಬದಲು ಹಾಲು. ಸಿಐಡಿಯ ಕಣ್ಣೆದುರೇ.

"ಅತ್ತಿ, ನೀವ? ಅಂಗೈಯಾಗ ಲಿಂಗ ಇಟಗೊಂಡವರು?"

"ಲಿಂಗಪ್ಪಗ ಎರಡು ಸಲ ಕೇಳಿದ್ನೆವಾ" ಅಂದರು ಅತ್ತೆ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. "ಮೊದಲನೇದಕ್ಕೂ ಕೇಳಿದ್ದೆ, ಎರಡನೇದಕ್ಕೂ ಕೇಳಿದ್ದೆ. ಮೂರನೇ ಸಲ ಕೇಳಾಕ ನನಗ ಅಂಜಿಕಿ ಬಂತು. ಬಸುರಿ ಇದ್ದ ಮನ್ಯಾಗ ಹುತ್ತ ಕೆಡವಬಾರದಂತ ನಮ್ಮವ್ವ ಅಂತಿದ್ದಳು. ಇಷ್ಟ ದಿನ ನಾ ಅದನ್ನ ನಂಬಿದ್ದಿಲ್ಲ." ಆಮೇಲೆ ಸೇರಿಸಿದರು, "ಅಳ್ಳು ನಂದಲ್ಲ ಮತ್ತ."

ನಾವಿಬ್ಬರೂ ತಿರುಗಿದೆವು. ವಿಜ್ಞಾನದ ಮಾಸ್ತರರು ಫ್ಯಾನ್ ನೋಡುತ್ತಿದ್ದರು.

"ಅದು... ಇರುವಿ ಹಾಲಿಗೆ ಬರಬಾರದಂತ..." ಅಂದರು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಒಂದು ಸುಳ್ಳು ಹೇಳಲು ಬರಲಿಲ್ಲ. ಕೊನೆಗೆ ತಾವೇ ಸೋತರು. "ಹಾಲು ನೀ ಹಾಕಾಕತ್ತಿ ಅಂತ ತಿಳದಿದ್ನಿ ಶಶಿ. ನೀನ ಅಂಜೀದಿ ಅಂದ್ರ ಏನರ ಇರಬೇಕು ಅನಿಸ್ತು. ನಂದೂ ಒಂದು ಹಿಡಿ ಇರ್ಲಿ ಅಂತ ಇಟ್ಟೆ."

ಬಯ್ಯಬೇಕು ಅಂತಲೇ ಬಾಗಿಲಲ್ಲಿ ಕೂತಿದ್ದೆ. ಬಯ್ಯಲಾಗಲಿಲ್ಲ. ಮೂರು ವಾರ ಒಂದೇ ಸೂರಿನ ಕೆಳಗೆ, ಒಂದೇ ಹೆದರಿಕೆಯನ್ನು ಒಬ್ಬರಿಗೊಬ್ಬರು ತೋರಿಸದೆ ಓಡಾಡಿದ್ದೆವು. ಹುಡುಗಿಯ ಹೊಟ್ಟೆಯ ಕೂಸು ಈ ಸಲವಾದರೂ ಉಳಿಯಲಿ ಅಂತ ಒಮ್ಮೆ ಕೂತು ಬಾಯಿಬಿಟ್ಟು ಮಾತಾಡಿದ್ದರೆ ಆಗುತ್ತಿತ್ತು. ಅಷ್ಟು ಧೈರ್ಯ ಯಾರಿಗೂ ಇರಲಿಲ್ಲ. ಗೆದ್ದಲಿನ ಮಣ್ಣಿನ ಮುಂದೆ ಇದ್ದ ಸಲಿಗೆ ನಮಗೆ ಒಬ್ಬರ ಮುಂದೆ ಒಬ್ಬರಿಗೆ ಇರಲಿಲ್ಲವೇ?

ಹಾಗಂದುಕೊಂಡು ಕಣ್ಣು ಒರೆಸಿಕೊಳ್ಳುತ್ತಿರುವಾಗ ಅತ್ತೆ ಕೇಳಿದರು, "ಹಂಗಾದ್ರ ಮೊದಲ ಅರಿಶಿಣ ಹಚ್ಚಿದವರು ಯಾರು? ನಾ ಅದನ್ನ ನೋಡೇ ಹಾಲು ಹಾಕೀನಿ. ಮನ್ಯಾಗ ಯಾರೋ ಶುರು ಮಾಡ್ಯಾರ, ನಾ ಒಬ್ಬಾಕೇ ಅಲ್ಲ ಅಂತ ಧೈರ್ಯ ಬಂತು ನನಗ."

"ನಾ ಅಲ್ಲವ್ವ" ಅಂದರು ಮನೆಯವರು. ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು.

"ಆಳು ಬರೂಕಿಂತ ಮೊದಲ ಯಾರೋ ಓಣಿಯವರು ಹಚ್ಚಿರಬೇಕು. ಆವಾಗ ಬೀಗ ಎಲ್ಲಿತ್ತು?" ಅಂದೆ. ಚಹಾ ಇಡಲು ಎದ್ದು ಹೋದೆ.

ಈಗ ಪೂರ್ಣಿಮಾ ಬಂದಿದ್ದಾಳೆ. ಕಲ್ಲಿನ ರಾಶಿ ತೆಗೆಸಿದ್ದೇವೆ, ಬಿಲ ಮುಚ್ಚಿಸಿದ್ದೇವೆ. ಹುತ್ತ ಮಾತ್ರ ಹಾಗೇ ಇದೆ. ಅದನ್ನು ಕೆಡವೋಣ ಅಂತ ಯಾರೂ ಅನ್ನುವುದಿಲ್ಲ. ಅವಳು ಸಂಜೆ ಚಪ್ಪಲಿ ಹಾಕಿಕೊಂಡು ಹಿತ್ತಿಲಲ್ಲಿ ತಿರುಗುತ್ತಾಳೆ. ನಾವು ಮೂವರೂ ಏನೋ ಕೆಲಸ ಇದ್ದವರಂತೆ ಅವಳ ಹಿಂದೆ ಮುಂದೆ ಇರುತ್ತೇವೆ. "ನಿಮಗೇನಾಗೇದ? ಹಿಂಗ್ಯಾಕ ನನ್ನ ಕಾಯಾಕತ್ತೀರಿ?" ಅಂತ ಅವಳಿಗೂ ಈಗ ಸಂಶಯ.

ನಿಮಗೆ ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ಆಳು ಬರುವ ಹಿಂದಿನ ಸಂಜೆ ಹಿತ್ತಿಲಿಗೆ ಹೋಗಿದ್ದೆ. ನಮ್ಮವ್ವ ಒಂದು ಗಿಡ ಕಡಿಸಬೇಕಾದರೂ ಮೊದಲು ಅದಕ್ಕೆ ಅರಿಶಿನ ಹಚ್ಚಿ, ತಪ್ಪಾಯಿತು ಅಂತ ಹೇಳಿಯೇ ಕಡಿಸುತ್ತಿದ್ದಳು. ನಾಳೆ ಕೆಡವಿಸುವವಳು ನಾನು, ಇದರ ಸಿಟ್ಟು ಮಗಳ ಮೇಲೆ ತಿರುಗಬಾರದು ಅಂತ ಒಂದು ಬೆರಳು ಅರಿಶಿನ ಹಚ್ಚಿ, ಬೊಟ್ಟು ಕುಂಕುಮ ಇಟ್ಟು ತಪ್ಪೊಪ್ಪಿಕೊಂಡೆ. ಅಷ್ಟೇ. ಆ ಬೆರಳಿನ ಗುರುತು ನೋಡಿ ಆಳು ಹೋದ, ಹಾಲು ಬಂತು, ಅಳ್ಳು ಬಂತು, ಇಲಿ ಬಂತು, ಹಾವು ಬಂತು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಪೇಪರ್ ಬಂದ ಕೂಡಲೇ ಅತ್ತೆ ಮೊದಲು ತಿರುವುವುದು ನನ್ನ ಅಂಕಣದ ಪುಟವನ್ನೇ. ಈ ವಾರದ್ದನ್ನು ಎಲ್ಲಿ ಬಚ್ಚಿಡಲಿ, ಹೇಳಿ?