ಪವಮಾನ ಮಾಸ್ತರರ ಬ್ಯಾಂಕು

ಸೇಡಂನ ಕಂಪ್ಯೂಟರ್ ಕ್ಲಾಸಿನಲ್ಲಿ ಸಿ ಪ್ಲಸ್ ಪ್ಲಸ್ ಕಲಿಸುವ ಪವಮಾನ ಮಾಸ್ತರರು ಯಾರನ್ನೂ ನಂಬುವವರಲ್ಲ. ಫ್ಲಾಪಿ ತಂದವರ ಜೇಬನ್ನೂ ಅನುಮಾನದಿಂದಲೇ ನೋಡುತ್ತಾರೆ. ವಿದ್ಯಾರ್ಥಿಗಳು ಬರೆದ ಬ್ಯಾಂಕ್ ಪ್ರೋಗ್ರಾಮ್ 'ಜಮಾಕ್ಕೆ ಒಂದು, ಹಣ ತೆಗೆಯಲು ಎರಡು ಒತ್ತಿ' ಎಂದಿದ್ದೇ ತಡ, ಎರಡು ಒತ್ತಿ ಖಾತೆಯಲ್ಲಿ ಇಲ್ಲದ ಲಕ್ಷ ರೂಪಾಯಿ ಕೇಳುತ್ತಾರೆ. ಅದು ಕೊಟ್ಟುಬಿಟ್ಟರೆ ಮುಗಿಯಿತು: "ನೋಡ್ರಿ, ಹಾಡಹಗಲಾಗ ಲೂಟಿ! ಬ್ಯಾಲೆನ್ಸ್ ಹೊರಗಿನವರ ಕೈಗೆ ಸಿಗದಂಗ ಪ್ರೈವೇಟ್ ಇಡ್ರಿ, ರೊಕ್ಕ ಕೊಡೂಕಿಂತ ಮೊದ್ಲ ಅದನ್ನ ನೋಡ್ರಿ ಅಂತ ಎಷ್ಟ ಸಲ ಹೇಳ್ಬೇಕು?" ಪರೀಕ್ಷಿಸುವ ಖಾತೆ ಮಾತ್ರ ಪ್ರತಿ ಸಲವೂ ನರ್ಮದಾಬಾಯಿ ಎಂಬವರ ಹೆಸರಿನಲ್ಲೇ. ಒಮ್ಮೆ ಸುನಿತಾಳ ಪ್ರೋಗ್ರಾಮ್ ಒಂದು ಪೈಸೆಯನ್ನೂ ಬಿಟ್ಟುಕೊಡಲಿಲ್ಲ. ಆ ಧೈರ್ಯದ ಮೇಲೆ ಆಕೆ, "ಈ ನರ್ಮದಾಬಾಯಿ ಯಾರ್ರಿ ಸರ್?" ಎಂದು ಕೇಳಿದಳು. "ನಮ್ಮವ್ವ," ಎಂದರು ಮಾಸ್ತರರು, ಪರದೆಯಿಂದ ಕಣ್ಣು ತೆಗೆಯದೆ. "ಬ್ಯಾಂಕಿನ್ಯಾಗಿಂದ ಆಕಿ ರೊಕ್ಕ ಯಾರೋ ಹೆಬ್ಬೆಟ್ಟು ಒತ್ತಿ ತಗೊಂಡು ಹೋದ್ರು. ಆಕಿಗಿ ಭಾಳ ಛಂದ ಸಹಿ ಮಾಡ್ಲಿಕ್ಕ ಬರ್ತಿತ್ತು."