ಎಡಗಿಸೆ, ಬಲಗಿಸೆ

ಆ ಬೆಳಿಗ್ಗೆ ಆಂಧ್ರದ ರಾಯದುರ್ಗದಲ್ಲಿರುವ ನಮ್ಮ ಕನ್ನಡ ಶಾಲೆಯ ಮೂರನೇ ತರಗತಿಯಲ್ಲಿ ಹೆಡ್‌ಮಾಸ್ಟರು ಕತ್ತರಿ ಹಿಡಿದು ನಿಂತಿದ್ದರು. ಗೋಡೆಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಬಾಗಿಲಲ್ಲಿ ಜೀನ್ಸ್ ಹೊಲಿಯುವ ಒಬ್ಬ ತಾಯಿ, ಅವಳ ಸೆರಗು ಹಿಡಿದ ಮಗಳು. ಉಳಿದ ಮಕ್ಕಳು ನೆಲದ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದವು.

ನನ್ನ ಬೆನ್ನ ಹಿಂದೆ ಗೋಡೆಗೆ ತೂಗುಹಾಕಿದ್ದದ್ದು ಮಕ್ಕಳ ಕಿಸೆಗಳ ಬಟ್ಟೆ, ನಾನಿಟ್ಟ ಹೆಸರು ಸಂಚಿ. ನಾನು ಮಡಕಶಿರಾ ಕಡೆಯವಳು. ನಮ್ಮಜ್ಜಿಯ ಎಲೆಅಡಿಕೆ ಸಂಚಿಯಲ್ಲಿ ಎಲೆಗೊಂದು ಅರೆ, ಅಡಿಕೆಗೊಂದು, ಸುಣ್ಣಕ್ಕೊಂದು. ಅಮರಾಪುರದ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಲೇ ಬೇಕಾದ್ದನ್ನು ತೆಗೆಯುತ್ತಿದ್ದಳು. "ಅದದು ಅದರದರ ತಾವಿದ್ರೆ ಕೈಯೇ ಉಡುಕ್ಕಂಡು ಓಯ್ತದೆ ಕಣಮ್ಮಿ" ಎನ್ನುತ್ತಿದ್ದಳು.

ನನ್ನ ತರಗತಿಯಲ್ಲಿ ಅದದು ಇನ್ನೆಲ್ಲೋ ಇರುತ್ತಿತ್ತು. "ಟೀಚರ್ರೀ, ನನ್ ಬಳಪ ಇವ ತಗಂಡಾನ್ರೀ!" ಮೊದಲ ಪೀರಿಯಡ್ಡು ಈ ಪಂಚಾಯ್ತಿಗೇ ಹೋಗುತ್ತಿತ್ತು. ಈ ತಾಯಿ ಹೊಲಿಯುವ ಯೂನಿಟ್ಟಿನಲ್ಲಿ ಜೀನ್ಸಿನ ಚಿಂದಿಗೆ ಬರವಿರಲಿಲ್ಲ. ಹಳೇ ಜಮಖಾನವೊಂದನ್ನು ಕೊಟ್ಟು, ಮಗುವಿಗೊಂದರಂತೆ ಇದರ ಮೇಲೆ ಕಿಸೆ ಹೊಲಿದುಕೊಡವ್ವಾ ಎಂದೆ. ಬಿಡಿಸಿ ನೋಡಿದರೆ ಎಲ್ಲವೂ ಜೋಡಿ ಜೋಡಿ.

"ಎರಡೆರಡು ಯಾಕೆ?"

"ಅಯ್ಯ, ಕಿಸೆ ಅಂದ್ರ ಜೋಡೀನ ಅಲ್ಲೇನ್ರೀ? ದಿನಾ ಪ್ಯಾಂಟಿನ ಹಿಂದ ಅದನ್ನ ಹೊಲೀತೀನಿ. ಒಂದು ಹೊಲ್ದ್ರ ಕೈ ತಡಿಯಂಗಿಲ್ರಿ."

ಬಿಚ್ಚಿಸಲಿಲ್ಲ. ಎಡಗಿಸೆಯಲ್ಲಿ ಮಾಡಬೇಕಾದ್ದು, ಬಲಗಿಸೆಯಲ್ಲಿ ಮಾಡಿ ಮುಗಿಸಿದ್ದು ಎಂದು ನಿಯಮ ಮಾಡಿದೆ. ಮಕ್ಕಳು ಬಂದವೇ ಎಡಕ್ಕೆ ಕೈಹಾಕಿ, ನಾನು ಬಾಯಿ ತೆರೆಯುವ ಮೊದಲೇ ಕೂತು ಬರೆಯತೊಡಗಿದವು. ಸಂಜೆ ಯಾರ ಬಲಗಿಸೆ ಉಬ್ಬಿದೆ ಎಂದು ಅವವೇ ನೋಡಿಕೊಳ್ಳುತ್ತಿದ್ದವು. ಸಂಚಿ ಅನ್ನಿರೋ ಎಂದರೆ ಮಾತ್ರ ನಗು: "ಸಂಚಿ ನಿಮ್ಮ ಅಜ್ಜೀದ್ರಿ ಟೀಚರ್. ಇದು ಪ್ಯಾಂಟು ರೀ!"

ಆ ಬೆಳಿಗ್ಗೆ ಆ ತಾಯಿ ಬಂದದ್ದು, ಕೆಲಸಕ್ಕೆಂದು ಮನೆಮಂದಿಯೆಲ್ಲ ಬಳ್ಳಾರಿಗೆ ಹೊರಟಿದ್ದೇವೆ ಎಂದು ಹೇಳಲು. ಹೆಡ್‌ಮಾಸ್ಟರು ಕೆಟ್ಟವರಲ್ಲ, ಖಾಲಿ ಜಾಗ ಕಂಡರೆ ಶಾಲೆಯನ್ನೇ ಮುಚ್ಚಿಸಿಯಾರೆಂದು ಅವರಿಗೆ ಭಯ.

"ಹೋಗೋರ ಕಿಸೆ ಬಿಚ್ರಿ ಟೀಚರ್. ಆಫೀಸರ್ ಬಂದ್ರ ಖಾಲೀದು ತೋರಿಸ್ತೀರೇನು?"

"ತೋರಿಸ್ತೀನಿ ಸಾರ್."

"ವಾಪಸ್ ಬರ್ತಾಳಂತ ಏನ್ ಗ್ಯಾರಂಟಿ?"

"ಬರಲ್ಲ ಅಂತ ಏನ್ ಗ್ಯಾರಂಟಿ ಸಾರ್? ಅವಳ ಜಾಗ ಅವಳದೇ. ಕತ್ತರಿಸೋದಾದ್ರೆ ನನ್ನ ಸೆರಗೂ ಸೇರಿಸಿ ಕತ್ತರಿಸಿ."

ಬಾಗಿಲಿನಿಂದ ಆ ತಾಯಿ ಮೆಲ್ಲಗೆ ಅಂದಳು: "ಸರ್ರ, ಅದು ಡಬಲ್ ಹೊಲಿಗೀರಿ. ನಿಮ್ಮ ಕತ್ತರಿಗೆ ಬಗ್ಗಂಗಿಲ್ಲ."

ಮಕ್ಕಳು ಗೊಳ್ಳೆಂದವು. "ಮಡಕಶಿರಾದ ಹಟ!" ಎಂದು ಗೊಣಗಿ ಹೆಡ್‌ಮಾಸ್ಟರು ಕತ್ತರಿಯನ್ನು ಕಿಸೆಗೆ ಹಾಕಿಕೊಂಡು ಹೋದರು. ಹುಡುಗಿ ಅರ್ಧ ಬರೆದ ಏಳರ ಮಗ್ಗಿಯ ಹಾಳೆಯನ್ನು ತನ್ನ ಎಡಗಿಸೆಯಲ್ಲಿಟ್ಟಳು. "ಎಡಕ್ಕ ಇಟ್ಟೀನ್ರೀ ಟೀಚರ್" ಎಂದು ನನ್ನ ಮುಖ ನೋಡಿದಳು. ಅಷ್ಟೇ ಅವಳ ವಿದಾಯ.

ಬೆಳುಗುಪ್ಪ ಕಡೆಯಿಂದ ಹೊಸ ಹುಡುಗನೊಬ್ಬ ಸೇರಿದ. ಅವನಿಗೆ ನನ್ನ ಹಳೇ ರವಿಕೆಯ ಬಟ್ಟೆಯಲ್ಲಿ ನಾನೇ ಕೈಹೊಲಿಗೆ ಹಾಕಿ ಜೋಡಿಕಿಸೆ ಮಾಡಿದೆ. ಸೊಟ್ಟಗಿತ್ತು, ಇರಲಿ. ತಪಾಸಣೆಗೆ ಆಫೀಸರೂ ಬಂದರು. ಗೋಡೆಯ ಮೇಲಿನ ಆ ಹುಡುಗಿಯ ಎಡಗಿಸೆಯಿಂದ ಹಾಳೆ ತೆಗೆದು, "ಇದಿ ಎವರಿದಿ?" ಎಂದು ತೆಲುಗಿನಲ್ಲಿ ಕೇಳಿದರು. "ಬಳ್ಳಾರಿಗೆ ಹೋದವಳದು ಸಾರ್. ಅವಳ ಕೆಲಸ ಬಾಕಿಯಿದೆ" ಎಂದು ನಾನು ಕನ್ನಡದಲ್ಲೇ ಹೇಳಿದೆ. ಹಾಳೆಯನ್ನು ಇದ್ದಲ್ಲೇ ಇಟ್ಟು ಮುಂದೆ ಹೋದರು.

ಶೇಂಗಾ ಕೀಳುವ ಹೊತ್ತಿಗೆ ಆ ಮನೆಯವರು ಊರಿಗೆ ಮರಳಿದರು. ಹುಡುಗಿ ಬಂದವಳೇ ಯಾರನ್ನೂ ಮಾತಾಡಿಸದೆ ಎಡಗಿಸೆಯಿಂದ ಹಾಳೆ ತೆಗೆದಳು, ಧೂಳು ಊದಿ ಮಗ್ಗಿ ಮುಗಿಸಿ ಬಲಗಿಸೆಯಲ್ಲಿಟ್ಟಳು. ತೆಗೆದು ನೋಡಿದೆ. ಒಂದು ಸಾಲು ತಪ್ಪಿತ್ತು. ಮತ್ತೆ ಎಡಕ್ಕೆ ಇಡಿಸಿದೆ.